ಹಿಡಿಯ ಬುಡದಲ್ಲಿ ಸಿಕ್ಕ ದಾರ

ಎರಡು ಸ್ಕ್ರೂಗಳಲ್ಲಿ ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ.

ಹವಾಲ್ದಾರ ಸಿಲ್ವೆಸ್ತ್ರು ಮೊಗಾ ತಿರುಪುಳಿಯನ್ನು ಹಾಗೇ ಹಿಡಿದು ಬಗ್ಗಿ ನೋಡಿದ. ಠಾಣೆಯ ಮೇಜಿನ ಮೇಲೆ ಮಲಗಿದ್ದ ಒರಿತ್ಸಾ ಮಾದರಿಯ ಬಂದೂಕು ಹೋದ ಚಳಿಗಾಲವನ್ನೆಲ್ಲ ಬಂದೂಕು ಕಾರ್ಖಾನೆಯ ಬೇಲಿಯ ಉದ್ದಕ್ಕೂ, ಕಾವಲುಗಾರನ ಹೆಗಲ ಮೇಲೆ, ಹಿಮದಲ್ಲಿ ಕಳೆದದ್ದು ಎಂದು ಎಲ್ಲರೂ ಒಪ್ಪಿಯಾಗಿತ್ತು. ಅಷ್ಟು ನೆನೆದ ಸ್ಕ್ರೂ ತಿರುಗುವಾಗ ಕಿರುಗುಟ್ಟಬೇಕು, ಕಂದು ಹುಡಿ ಉದುರಿಸಬೇಕು. ಇವು ಬೆಣ್ಣೆಯೊಳಗಿಂದ ಎದ್ದ ಹಾಗೆ ಎದ್ದು ಬಂದವು.

“ಏನಯ್ಯಾ ಮೊಗಾ, ಬಂದೂಕಿಗೆ ಹೆರಿಗೆ ಮಾಡಿಸ್ತಿದ್ದೀಯಾ?” ಕಿಟಕಿಯ ಬಳಿ ಸಿಗರೇಟು ಸೇದುತ್ತಿದ್ದ ಕ್ಯಾಪ್ಟನ್ ದುಂಬ್ರಾವಾ ಕೇಳಿದ.

“ಗಂಡೋ ಹೆಣ್ಣೋ ನೋಡ್ತಿದ್ದೀನಿ ಸಾಹೇಬ್ರೇ.”

“ನೋಡು, ನೋಡು. ಮಧ್ಯಾಹ್ನದ ರೈಲಿಗೆ ಸಿಬಿಯುವಿನಿಂದ ಮಿಲಿಟರಿ ಕೋರ್ಟಿನ ಮೇಜರ್ ಬರ್ತಾರೆ. ಸಂಜೆಗೆ ತೀರ್ಪು. ಬೆಳಗಾದ್ರೆ ಆ ಅವ್ರಾಮ್‌ನ ಗೋಡೆಗೆ ನಿಲ್ಲಿಸಿ ಗುಂಡು ಹೊಡೀತಾರೆ. ಆಮೇಲೆ ನೀನು ಇದಕ್ಕೆ ಬಾಣಂತನ ಮಾಡ್ಕೊಂಡು ಕೂತ್ಕೋ.”

ಮೊಗಾ ಹಿಡಿಯ ಹಿಂಬದಿಯ ಉಕ್ಕಿನ ತಗಡನ್ನು ಉಗುರಿನಿಂದ ಮೀಟಿದ. ಅದು ಸರಿಯಿತು. ಒಳಗೆ ಮರದಲ್ಲಿ ಕೊರೆದ ಒಂದು ಸಣ್ಣ ಗುಳಿ. ಗುಳಿಯೊಳಗೆ ಏನೋ ಮುದುಡಿ ಕೂತಿತ್ತು.

ಕೆಂಪು ಮತ್ತು ಬಿಳಿ ದಾರ ಹೊಸೆದ ಒಂದು ಗಂಟು.

ಅವನ ಅಂಗೈ ತಾನಾಗಿ ಅದರ ಮೇಲೆ ಮುಚ್ಚಿಕೊಂಡಿತು. ಕ್ಯಾಪ್ಟನ್ ಹೊಗೆ ಬಿಡುತ್ತ ಹೊರಗಿನ ಬೆಟ್ಟ ನೋಡುತ್ತಿದ್ದ. ಮೊಗಾ ದಾರವನ್ನು ಅಂಗಿಯ ತೋಳಿನ ಮಡಿಕೆಯೊಳಗೆ ಸೇರಿಸಿ, ತಗಡನ್ನು ಮತ್ತೆ ಕೂರಿಸಿ, ಸ್ಕ್ರೂ ಬಿಗಿದ.

“ಏನಾದ್ರೂ ಸಿಕ್ತಾ?”

“ಮರ ಸಿಕ್ತು ಸಾಹೇಬ್ರೇ. ಅಕ್ರೋಟು ಮರ.”

ಕ್ಯಾಪ್ಟನ್ ನಕ್ಕ. ನಗುವಾಗ ಸೊಂಟದ ಬೀಗದ ಕೈಗಳು ಕಿಣಿಗುಟ್ಟಿದವು. ಸೈನ್ಯದ ಪರವಾಗಿ ಕಾರ್ಖಾನೆಯಿಂದ ಬಂದೂಕುಗಳನ್ನು ಪರಿಶೀಲಿಸಿ ಒಪ್ಪಿಕೊಳ್ಳುವವನು ಅವನು. ನಂಬರ್ ಹೊಡೆಯುವ ಉಕ್ಕಿನ ಅಚ್ಚುಗಳ ಪೆಟ್ಟಿಗೆಯ ಬೀಗದ ಕೈಯೂ ಆ ಗೊಂಚಲಲ್ಲೇ ಇತ್ತು.

ಈಸ್ಟರ್ ಕಳೆದ ಮೇಲೆ ಹೊಸ ಬಂದೂಕು ಹಾರಿಸಿ ನೋಡುವ ಕಾರ್ಖಾನೆಯ ಸುರಂಗದಲ್ಲಿ ಗುರಿಕಾರ ಬಿಂದೆಯಾ ಎದೆಗೆ ಮೂರು ಗುಂಡು ತಿಂದು ಸತ್ತು ಬಿದ್ದಿದ್ದ. ಅವನ ಕಾಲ ಬಳಿ ಸಿಕ್ಕ ಬಂದೂಕಿನ ನಂಬರ್ ೪೧೧೭. ಅದು ಕಾವಲುಗಾರ ಅವ್ರಾಮ್ ಕ್ರಿಷಾನ್‌ನದು. ಇಷ್ಟೇ ಕೇಸು. ಇಷ್ಟೇ ಸಾಕಾಗಿತ್ತು ಎಲ್ಲರಿಗೂ, ಮೊಗಾನೊಬ್ಬನನ್ನು ಬಿಟ್ಟು.

*

ಅವ್ರಾಮ್‌ನನ್ನು ಠಾಣೆಯ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದರು. ಗೋಡೆಗೆ ಒರಗಿ ಕೂತಿದ್ದವನು ಬಾಗಿಲು ತೆರೆದ ಸದ್ದಿಗೆ ಎದ್ದು ನಿಂತ. ಹೆಣ್ಣು ಹುಡುಕುವ ವಯಸ್ಸು. ಗಡ್ಡ ಮಾತ್ರ ಹತ್ತು ವರ್ಷ ಮುಂದೆ ಹೋಗಿತ್ತು.

“ಇನ್ನೊಂದ್ಸಲ ಹೇಳು.”

“ಅದು ನನ್ನ ಬಂದೂಕಲ್ಲ ಹವಾಲ್ದಾರ್ರೇ. ಅವತ್ತು ಊಟಕ್ಕೆ ಹೋದಾಗ ನನ್ನದನ್ನ ಗೂಟಕ್ಕೆ ತೂಗುಹಾಕಿದ್ದೆ. ಬಂದು ನೋಡಿದ್ರೆ ಇಲ್ಲ. ನನ್ನ ಬಂದೂಕಿನ ಹಿಡಿ ಮೇಲೆ ಒಂದು ಗಾಯ ಇತ್ತು, ಬೇಲಿ ಮುಳ್ಳು ತಾಗಿ ಇಷ್ಟುದ್ದ ಸೀಳಿತ್ತು. ಸುರಂಗದಲ್ಲಿ ಸಿಕ್ಕಿದ್ದರ ಮೇಲೆ ಒಂದು ಗೀರೂ ಇಲ್ಲ. ನೀವೇ ನೋಡಿದ್ದೀರಲ್ಲ?”

“ನಂಬರ್ ನಿನ್ನದೇ.”

“ನಂಬರ್ ನನ್ನದೇ. ಬಂದೂಕು ನನ್ನದಲ್ಲ.”

“ನಿಂದು ಬಿಟ್ಟು ಬೇರೆ ಬಂದೂಕು ಯಾವತ್ತಾದ್ರೂ ಮುಟ್ಟಿದ್ದೀಯಾ? ಯಾರಿಗಾದ್ರೂ ತಂದುಕೊಟ್ಟಿದ್ದು, ಎಲ್ಲಿಗಾದ್ರೂ ಸಾಗಿಸಿದ್ದು?”

ಅವ್ರಾಮ್ ಕೊರಳಿನ ಶಿಲುಬೆಯನ್ನು ಎತ್ತಿ ತುಟಿಗೆ ಒತ್ತಿಕೊಂಡ. “ಅಮ್ಮನಾಣೆ ಇಲ್ಲ.”

ಮೊಗಾ ಅವನ ಕಣ್ಣನ್ನೇ ನೋಡಿದ. ಮೊಗಾನ ಮನೆಯಲ್ಲಿ ಎರಡು ಮಕ್ಕಳಿಗೂ ನಾಯಿಕೆಮ್ಮು. ಈ ವಾರವಿಡೀ ಅವನು ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ನಿದ್ದೆಗೆಟ್ಟವನಿಗೆ ಎಲ್ಲರ ಕಣ್ಣೂ ಸತ್ಯ ಹೇಳಿದಂತೆಯೇ ಕಾಣುತ್ತವೆ ಎಂಬ ಅನುಮಾನ ಅವನಿಗಿತ್ತು. ಆದರೂ ನಂಬಿದ.

ನಂಬುವುದಕ್ಕೆ ತೋಳಿನ ಮಡಿಕೆಯಲ್ಲಿ ಕಾರಣವೂ ಇತ್ತು.

ಮಾರ್ಚ್ ಒಂದರಂದು ಊರಿನ ಹೆಂಗಸರು ಕೆಂಪು-ಬಿಳಿ ದಾರ ಹೊಸೆದು ಮರ್ತ್ಸಿಶೋರ್ ಕಟ್ಟುತ್ತಾರೆ. ಮಕ್ಕಳ ಕೈಗೆ, ಕರುವಿನ ಕೊರಳಿಗೆ, ತೊಟ್ಟಿಲಿಗೆ. ಪ್ಲಮ್ ಮರ ಹೂಬಿಟ್ಟಾಗ ಬಿಚ್ಚಿ ಕೊಂಬೆಗೆ ತೂಗುಹಾಕುತ್ತಾರೆ. ಮಾರ್ಚ್ ಬರುವ ಮೊದಲು ಆ ದಾರ ಹೊಸೆಯುವ ಹೆಂಗಸು ಈ ಕಣಿವೆಯಲ್ಲಿ ಇಲ್ಲ.

ಅವ್ರಾಮ್‌ಗೆ ೪೧೧೭ ಕೊಟ್ಟಿದ್ದು ಹೋದ ವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ. ಆಗಲೇ ಮುಚ್ಚಿದ ಹಿಡಿಯೊಳಗೆ ಮಾರ್ಚ್ ತಿಂಗಳ ದಾರ ಹೇಗೆ ಹೋಗುತ್ತದೆ?

ಹೋಗುವುದಿಲ್ಲ. ಅಂದರೆ ಸುರಂಗದಲ್ಲಿ ಸಿಕ್ಕ ಬಂದೂಕು ಈ ಮಾರ್ಚ್‌ನಲ್ಲಿ ಹುಟ್ಟಿದ್ದು. ಹಳೆಯ ನಂಬರ್ ಹೊತ್ತು ಹುಟ್ಟಿದ್ದು. ಒಂದೇ ನಂಬರಿನಲ್ಲಿ ಎರಡು ಬಂದೂಕು!

ಸಾಯುವ ಹಿಂದಿನ ದಿನ ಬಿಂದೆಯಾ ಹೆಂಡದಂಗಡಿಯಲ್ಲಿ ಪ್ಲಮ್ ಸಾರಾಯಿ ಏರಿಸಿ ಕೂಗಿದ್ದನಂತೆ: “ಒಬ್ಬಳೇ ಕನ್ಯೆಗೆ ಎರಡು ಸಲ ಮದುವೆ ಮಾಡಿಸಿದ್ದೀನಿ ಕಣ್ರೋ!” ಎಲ್ಲರೂ ನಕ್ಕಿದ್ದರು, ಕೇಳಿಸಿಕೊಂಡಾಗ ಮೊಗಾ ಕೂಡ. ಕಾರ್ಖಾನೆಯಿಂದ ಹೊರಬೀಳುವ ಒಂದೊಂದು ಬಂದೂಕಿನಿಂದಲೂ ಮೊದಲ ಗುಂಡು ಹಾರಿಸುವವನು ಬಿಂದೆಯಾ. ಅದೇ ನಂಬರ್ ಎರಡನೇ ಸಲ ಅವನ ಕೈಗೆ ಬಂದಿತ್ತು. ಅವನಿಗೆ ನೆನಪಿತ್ತು. ಅದಕ್ಕೇ ಸತ್ತ.

ಲೆಕ್ಕದ ಪುಸ್ತಕದಲ್ಲಿ ಹುಟ್ಟಿಲ್ಲದ ಬಂದೂಕು ಕಳ್ಳದಾರಿಯಲ್ಲಿ ಎಲ್ಲಿಗಾದರೂ ಹೋಗಬಹುದು. ಯಾರೂ ಹುಡುಕುವುದಿಲ್ಲ.

ಈಗ ಬೇಕಾಗಿದ್ದು ಒಂದೇ. ಆ ದಾರವನ್ನು ಅಲ್ಲಿ ಇಟ್ಟ ಕೈ.

*

ಕಾರ್ಖಾನೆಯ ಮರಗೆಲಸದ ಶೆಡ್ಡಿನಲ್ಲಿ ಊಟದ ಹೊತ್ತು. ಯಂತ್ರಗಳ ಪಟ್ಟಿಗಳು ನಿಂತಿದ್ದವು. ಹೆಂಗಸರೆಲ್ಲ ಬಿಸಿಲು ಕಾಯಲು ಹೊರಗೆ ಹೋಗಿದ್ದರು. ಒಳಗೆ ಉಳಿದವಳು ಪರಾಸ್ಕಿವಾ ಒಬ್ಬಳೇ, ಊರಿಗೆಲ್ಲ ಪರಾಸ್ಕಿವಕ್ಕ. ಹಿಡಿಗಳಿಗೆ ಬುಡದ ತಗಡು ಬಿಗಿಯುವ ಕೆಲಸ ಅವಳದು. ಮೊಣಕಾಲ ಮೇಲೆ ಬಟ್ಟೆ ಹಾಸಿ, ತಣ್ಣಗಾದ ಮೆಕ್ಕೆಜೋಳದ ಮುದ್ದೆಯನ್ನು ಈರುಳ್ಳಿ ಕಚ್ಚಿಕೊಂಡು ತಿನ್ನುತ್ತಿದ್ದಳು.

ಅವಳ ಹಿಂದೆ ಗೋಡೆಯುದ್ದಕ್ಕೂ ಒರಿತ್ಸಾಗಳು ಸಾಲಾಗಿ ನಿಂತಿದ್ದವು. ಮೊಗಾಗೆ ಅವನ್ನು ನೋಡಿದಾಗಲೆಲ್ಲ ಅರಣ್ಯ ಇಲಾಖೆಯವರ ಬೇಟೆಕೋವಿಗಳು ನೆನಪಾಗುತ್ತಿದ್ದವು. ಜರ್ಮನ್ನರದು ಡಬ್ಬಿಯ ಹಾಗೆ ತಗಡು ಒತ್ತಿ ಮಾಡಿದ್ದು, ರಷ್ಯನ್ನರದು ಹೊಟ್ಟೆಯಲ್ಲಿ ಗುಂಡು ತುಂಬುವ ತಟ್ಟೆ ಕಟ್ಟಿಕೊಂಡದ್ದು. ಇದಕ್ಕೋ ನಳಿಗೆಯ ಅರ್ಧದವರೆಗೂ ಅಕ್ರೋಟು ಮರ. ಒಳಗಿನ ಉಕ್ಕು ಗಟ್ಟಿ ಕಂಬಿಯಿಂದ ಕಡೆದು ತೆಗೆದದ್ದು. ದೊನ್ ನದಿಯ ದಂಡೆಯಲ್ಲಿ ನಮ್ಮ ಹುಡುಗರು ಒಂದೊಂದೇ ಗುಂಡಿನ ರೈಫಲ್ ಹಿಡಿದು ಸಾಯುತ್ತಿದ್ದಾಗ, ಜರ್ಮನ್ ಮಿತ್ರರು ಕೊಡುವ ನಾಲ್ಕು ಬಂದೂಕಿಗೆ ಕೈಯೊಡ್ಡಿ ಸಾಕಾಗಿ, ನಮ್ಮದೇ ಸೈನ್ಯದ ಒರಿತ್ಸಾ ಎಂಬ ಅಧಿಕಾರಿ ನಕ್ಷೆ ಬರೆದು ಮಾಡಿಸಿದ, ಒಂದೇ ಸಮನೆ ಗುಂಡು ಸುರಿಸುವ ಬಂದೂಕು. ಗುರಿ ನೋಡುವ ಪಟ್ಟಿಯ ಮೇಲೆ ಐನೂರು ಮೀಟರಿನವರೆಗೆ ಅಂಕಿ ಕೆತ್ತಿದೆ. ಇದು ಹಾರಿಸುವ ಪಿಸ್ತೂಲಿನ ಗುಂಡು ಅಷ್ಟು ದೂರ ಹೋಗುವಷ್ಟರಲ್ಲಿ ರಷ್ಯನ್ ಮುದುಕನಾಗಿ ಸತ್ತಿರುತ್ತಾನೆ ಎಂದು ಬಿಂದೆಯಾ ಗೇಲಿ ಮಾಡುತ್ತಿದ್ದ.

ಮೊಗಾ ಅವಳೆದುರು ಒಂದು ಪೆಟ್ಟಿಗೆ ಎಳೆದುಕೊಂಡು ಕೂತ.

“ಊಟ ಆಯ್ತಾ ಅಕ್ಕ?”

“ಇದನ್ನ ಊಟ ಅಂತ ಕರೆಯೋದಾದ್ರೆ ಆಗ್ತಾ ಇದೆ. ಹವಾಲ್ದಾರ್ರು ನಮ್ಮ ಮುದ್ದೆ ರುಚಿ ನೋಡೋಕೆ ಬಂದ್ರಾ, ಈರುಳ್ಳಿ ಎಣಿಸೋಕೆ ಬಂದ್ರಾ?”

ಅವನು ಅಂಗೈ ಬಿಚ್ಚಿದ.

ಅವಳ ದವಡೆ ನಿಂತಿತು. ಒಂದೇ ಕ್ಷಣ. ಆಮೇಲೆ ಮತ್ತೆ ಅಗಿಯತೊಡಗಿದಳು.

“ಮರ್ತ್ಸಿಶೋರ್. ಚೆನ್ನಾಗಿದೆ. ಯಾರು ಕಟ್ಟಿದ್ರು, ಹೆಂಡ್ತೀನಾ? ಮರ ಎಲ್ಲ ಹೂಬಿಟ್ಟು ಕಾಯಾಯ್ತು, ಇನ್ನೂ ಇಟ್ಕೊಂಡಿದ್ದೀರಲ್ಲ, ಅಪಶಕುನ.”

“ಬಂದೂಕಿನ ಹಿಡಿಯೊಳಗೆ ಸಿಕ್ತು.”

“ಬಂದೂಕಿಗೂ ಹಬ್ಬ ಬೇಡ್ವಾ ಪಾಪ.”

“ಪರಾಸ್ಕಿವಕ್ಕ.”

“ಏನು ಪರಾಸ್ಕಿವಕ್ಕ? ಇಲ್ಲಿ ತಗಡು ಬಿಗಿಯೋರು ನಾಲ್ಕು ಜನ ಇದ್ದೀವಿ. ನನ್ನ ಮೂಗೇ ಯಾಕೆ ಕಾಣ್ಸತ್ತೆ ನಿಮಗೆ?”

“ಉಳಿದ ಮೂರು ಜನದ ಮಕ್ಕಳು ಇನ್ನೂ ಹಾಲು ಕುಡಿಯೋರು. ಯುದ್ಧಕ್ಕೆ ಮಗನ್ನ ಕಳಿಸಿದವಳು ನೀನೊಬ್ಳೇ.”

ಪರಾಸ್ಕಿವಾ ಮುದ್ದೆಯನ್ನು ಬಟ್ಟೆಯಲ್ಲಿ ಸುತ್ತಿದಳು. ಬಾಗಿಲ ಕಡೆ ನೋಡಿದಳು. ಬಾಗಿಲ ಮೇಲೆ ದಪ್ಪ ಅಕ್ಷರದ ಹಲಗೆ: ಸೈನ್ಯದ ಸಾಮಗ್ರಿಯಲ್ಲಿ ಹೊರಗಿನ ವಸ್ತು ಸೇರಿಸಿದವರು ದ್ರೋಹಿಗಳು, ದ್ರೋಹಿಗಳಿಗೆ ಮರಣ.

“ಓದೋಕೆ ಬರತ್ತೆ ನನಗೆ,” ಎಂದಳು.

“ನನಗೂ ಬರತ್ತೆ.”

“ಮತ್ತೆ ಯಾಕೆ ಬಂದೆ? ನನ್ನ ಮನೇಲಿ ಒಬ್ಬ ಮಗಳಿದ್ದಾಳೆ. ಗಂಡ ಅನ್ನೋನು ಗಣಿಯೊಳಗೇ ಉಳ್ಕೊಂಡ. ಮಗ ಗ್ಲಿಗೋರ್ ಎಲ್ಲಿದ್ದಾನೋ ದೇವರಿಗೇ ಗೊತ್ತು. ನಾನು ಗೋಡೆಗೆ ನಿಂತ್ರೆ ಆ ಹುಡುಗಿಗೆ ನಿನ್ನ ಠಾಣೆಯಿಂದ ಮುದ್ದೆ ಕಳಿಸ್ತೀಯಾ?”

ಅವಳು ‘ರೀ’ ಬಿಟ್ಟು ಏಕವಚನಕ್ಕೆ ಇಳಿದಿದ್ದಳು. ಒಳ್ಳೆಯ ಲಕ್ಷಣ ಎಂದುಕೊಂಡ ಮೊಗಾ. ಚಿಕ್ಕಂದಿನಲ್ಲಿ ಅವಳ ತೋಟದ ಚೆರ್ರಿ ಕದ್ದು ಅವಳ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನು ಅವನು.

“ಕೇಳಿಲ್ಲಿ. ಬಿಂದೆಯಾನ ಕೊಂದ ಬಂದೂಕಿನೊಳಗೆ ಇತ್ತು ಇದು. ಅವ್ರಾಮ್‌ನ ಬಂದೂಕು ಅಂತಿದ್ದಾರೆ ಎಲ್ಲರೂ. ಅವ್ರಾಮ್‌ನ ಬಂದೂಕು ದ್ರಾಕ್ಷಿ ಕೊಯ್ಲಿನದು. ಇದು ಮಾರ್ಚಿನ ದಾರ. ನೀನೊಬ್ಳು ಬಾಯಿಬಿಟ್ಟು ‘ಇದನ್ನ ಮಾರ್ಚಲ್ಲಿ ನಾನೇ ಇಟ್ಟೆ’ ಅಂದ್ರೆ, ಅದೇ ನಂಬರಿನ ಇನ್ನೊಂದು ಬಂದೂಕು ಇದೆ ಅಂತ ಆಯ್ತು. ಅಚ್ಚಿನ ಪೆಟ್ಟಿಗೆ ಕ್ಯಾಪ್ಟನ್ ಹತ್ರ ಇದೆ. ಆಗ ಮೇಜರ್ ಅವ್ರಾಮ್‌ನ ಬಿಟ್ಟು ಆ ಪೆಟ್ಟಿಗೆ ಕಡೆ ತಿರುಗ್ಲೇಬೇಕು.”

“ತಿರುಗದೇ ನನ್ನ ಕಡೆ ತಿರುಗಿದ್ರೆ?”

“ನಾನು ಮಾತಾಡ್ತೀನಿ. ಮೇಜರ್ ಕೂಡ ಮಕ್ಕಳೊಂದಿಗ.”

“ಏನಾದ್ರೂ ಬೇಕಾದಾಗ ನೀವೆಲ್ಲ ಮಕ್ಕಳೊಂದಿಗರೇ.” ಅವಳು ಈರುಳ್ಳಿ ಸಿಪ್ಪೆಯನ್ನು ನೆಲಕ್ಕೆ ಕೊಡವಿದಳು. “ನನ್ನ ಮಗ ಕಾಣೆ ಅಂತ ಕಾಗದ ತಂದವನೂ ಮಕ್ಕಳೊಂದಿಗನೇ. ಬಾಗಿಲಲ್ಲಿ ನಿಂತು ಟೋಪಿ ತೆಗೆದ, ನೀರು ಕುಡಿದ, ಹೋದ.”

ಹೊರಗೆ ಹೆಂಗಸರ ನಗು ಕೇಳಿಸಿತು. ದೂರದಲ್ಲಿ ರೈಲಿನ ಸಿಳ್ಳೆ. ಮೊಗಾ ಕಿವಿಗೊಟ್ಟ. ಮಧ್ಯಾಹ್ನದ ರೈಲು.

“ಅವ್ರಾಮ್‌ನ ಅಮ್ಮ ನಿನ್ನ ಮನೆಯಿಂದ ಎಷ್ಟು ದೂರ ಅಕ್ಕ?”

“ಗೊತ್ತಿದ್ದೂ ಕೇಳ್ಬೇಡ.”

“ಭಾನುವಾರ ಚರ್ಚಿನಲ್ಲಿ ಪಕ್ಕಪಕ್ಕ ನಿಲ್ತೀರಿ.”

“ಸಾಕು, ಸಿಲ್ವೆಸ್ತ್ರು.”

“ಮುಂದಿನ ಭಾನುವಾರ ಅವಳ ಪಕ್ಕ ನಿಲ್ಲೋಕಾಗತ್ತಾ ನಿನಗೆ?”

ಅವಳು ಕಣ್ಣು ಮುಚ್ಚಿದಳು. ತೆರೆದಾಗ ಬೇರೆ ಯಾರೋ ನೋಡುತ್ತಿದ್ದ ಹಾಗೆ ಇತ್ತು.

“ಮಾರ್ಚ್ ಪೂರ್ತಿ ಇಟ್ಟೆ,” ಎಂದಳು. “ನನ್ನ ಕೈಮೇಲೆ ಹೋದ ಒಂದೊಂದರಲ್ಲೂ. ಇದನ್ನ ಹೊತ್ಕೊಂಡು ಹೋಗೋ ಹುಡುಗ ಯಾವಳೋ ಒಬ್ಬಳ ಮಗ, ಅವನಾದ್ರೂ ವಾಪಸ್ ಬರ್ಲಿ ಅಂತ. ದ್ರೋಹ ಅಂತೆ ದ್ರೋಹ! ದಾರದಿಂದ ಬಂದೂಕು ಕೆಡತ್ತಾ? ಗುಂಡು ಹಾರೋದು ಮುಂದಿನಿಂದ. ಇದು ಹಿಂದೆ, ಹೆಗಲಿಗೆ ಒರಗೋ ಜಾಗ. ಅಮ್ಮ ಕೈಯಿಡೋ ಜಾಗ.”

ಮೊಗಾ ಅವಳತ್ತ ಬಾಗಿದ. “ಇದನ್ನೇ ಹೇಳು. ಹೀಗೇ ಹೇಳು.”

“ಹೇಳ್ತೀನಿ. ಕರೀ ನಿನ್ನ ಮೇಜರ್‌ನ. ಧೈರ್ಯ ಇಳಿಯೋಕೆ ಮೊದ್ಲು ಕರಿ.”

ಅವನು ಬಾಗಿಲಿಗೆ ಹಾರಿ, ಹೊರಗೆ ನಿಲ್ಲಿಸಿದ್ದ ಪೇದೆಗೆ ಹೇಳಿದ: ಮೇಜರ್ ರೈಲಿಳಿದ ಕೂಡಲೇ ನೇರ ಇಲ್ಲಿಗೇ ಬರಬೇಕು, ಅವ್ರಾಮ್‌ನನ್ನೂ ಕರೆತರಬೇಕು, ಸಾಕ್ಷಿ ಸಿಕ್ಕಿದೆ. ಪೇದೆ ಸೈಕಲ್ ಹತ್ತಿ ಓಡಿದ. ಎಷ್ಟೋ ದಿನಗಳ ಮೇಲೆ ಮೊಗಾನ ಎದೆ ಹಗುರಾಯಿತು. ತಿರುಗಿ ಬಂದು, ನಗುತ್ತ, ಇದೊಂದು ಉಳಿಯಿತು ಎನ್ನುವಂತೆ ಕೇಳಿದ.

“ನೋಡಿಬಿಡು ಅಕ್ಕ, ನಿನ್ನ ಕೈಯದೇ ತಾನೇ? ಆಮೇಲೆ ಅಲ್ಲ ಅಂದ್ಬಿಟ್ಟೀಯ.”

ಅವಳು ದಾರವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳಿನಿಂದ ಹೊಸೆತ ಬಿಡಿಸಿದಳು. ಕೆಂಪಿನ ಮತ್ತು ಬಿಳಿಯ ನಡುವೆ, ಕೂದಲಿನಷ್ಟು ತೆಳ್ಳಗೆ, ಕಪ್ಪು ಎಳೆಯೊಂದು ಎದ್ದು ಬಂತು.

“ಓ, ಇದಾ!” ಅವಳ ಮುಖ ಮೆತ್ತಗಾಯಿತು. “ಇದು ಒಂದೇ ಒಂದು ಮಾಡಿದ್ದು. ಮಾರ್ಚ್ ಕೊನೇಲಿ, ಮಾತೆ ಮರಿಯಮ್ಮನಿಗೆ ದೇವದೂತ ಸುದ್ದಿ ತಂದ ಹಬ್ಬದ ದಿನ. ಕಾರ್ಖಾನೆಗೆ ರಜೆ. ಮಗ ಕಾಣೆ ಅನ್ನೋ ಕಾಗದ ಬಂದದ್ದು ಹಿಂದಿನ ದಿನ. ಮನೇಲಿ ಕೂತಿರೋಕೆ ಆಗ್ಲಿಲ್ಲ, ಇಲ್ಲಿಗೆ ಬಂದು ಕಸ ಗುಡಿಸ್ತಿದ್ದೆ. ಕರೀ ಶಾಲಿನ ಎಳೆ ಕಿತ್ತು ಸೇರಿಸಿದೆ.”

“ಹಬ್ಬದ ದಿನ ಬಂದೂಕು ಯಾರು ತಂದ್ರು?”

“ಅವ್ರಾಮ್.”

ಮೊಗಾನ ನಗು ಮುಖದ ಮೇಲೆಯೇ ಉಳಿಯಿತು. ಅದನ್ನು ತೆಗೆಯುವುದು ಅವನಿಗೆ ನೆನಪಾಗಲಿಲ್ಲ.

“ಒಳ್ಳೆ ಹುಡುಗ,” ಅವಳು ಮುಂದುವರಿಸಿದಳು. “ಹಬ್ಬಕ್ಕೆ ಅಂತ ಹೊಳೆಯಿಂದ ಎರಡು ಮೀನು ತಂದಿದ್ದ. ‘ಅಕ್ಕ, ನನ್ನ ಬಂದೂಕಿನ ತಗಡು ಸಡಿಲ ಆಗಿ ಕಳಚಿದೆ, ಹಾಕ್ಕೊಡು, ಯಾರಿಗೂ ಹೇಳ್ಬೇಡ, ಬೈತಾರೆ’ ಅಂದ. ನಂಬರ್ ನೋಡಿದೆ, ಅವನದೇ. ಹಾಕ್ಕೊಟ್ಟೆ. ಗ್ಲಿಗೋರ್‌ನ ಜೊತೆ ಆಡಿ ಬೆಳೆದವನಲ್ವಾ, ಅದಕ್ಕೇ ಇದನ್ನ ಇಟ್ಟೆ.”

“ಅದರ ಹಿಡಿ ಮೇಲೆ ಗಾಯ ಇತ್ತಾ? ಇಷ್ಟುದ್ದ, ಸೀಳಿದ ಹಾಗೆ?”

“ಒಂದು ಗೀರೂ ಇರ್ಲಿಲ್ಲಪ್ಪ. ಮದುವಣಗಿತ್ತಿ ಥರ ಇತ್ತು. ಇಷ್ಟು ಜೋಪಾನವಾಗಿ ಇಟ್ಕೊಂಡಿದ್ದಾನಲ್ಲ ಅಂತ ಖುಷಿಯಾಯ್ತು.” ಅಲ್ಲಿಗೆ ಅವಳು ಅವನ ಮುಖ ನೋಡಿದಳು. “ಯಾಕೋ? ಏನಾಯ್ತು?”

ಅಮ್ಮನಾಣೆ ಇಲ್ಲ. ಶಿಲುಬೆಗೆ ಮುತ್ತಿಟ್ಟು ಹೇಳಿದ್ದ.

“ಎರಡನೇ ಬಂದೂಕು ಅವನ ಕೈಯಲ್ಲೇ ಇತ್ತು ಅಕ್ಕ,” ಮೊಗಾನ ಧ್ವನಿ ತನ್ನದೇ ಅಲ್ಲ ಎನ್ನಿಸಿತು. “ಮಾರ್ಚಿನಿಂದ. ಅದು ಇದೆ ಅಂತ ಅವನಿಗೆ ಗೊತ್ತಿತ್ತು. ಇದನ್ನ ಮೇಜರ್ ಮುಂದೆ ಹೇಳಿದ್ರೆ, ನಿನ್ನ ದಾರ ಅವನ ಕೊರಳಿಗೆ ಬೀಳತ್ತೆ.”

ಹೇಳಿದ ಮರುಕ್ಷಣವೇ, ಹೇಳಬಾರದಿತ್ತು ಎಂದು ಅವನಿಗೆ ಹೊಳೆಯಿತು. ಸಾಕ್ಷಿಗೆ ಯಾವುದು ಯಾರ ಮೇಲೆ ಬೀಳುತ್ತದೆಂದು ಯಾವ ಪೊಲೀಸನೂ ಹೇಳಿಕೊಡಬಾರದು.

ಹೊರಗೆ ಹೆಂಗಸರ ನಗು ಥಟ್ಟನೆ ನಿಂತಿತು. ಬೂಟುಗಳ ಸದ್ದು.

“ಅಕ್ಕ, ಸ್ವಲ್ಪ ತಡಿ. ಮೊದಲು ನಾನು ಅವನ ಹತ್ರ—”

ಬಾಗಿಲು ತೆರೆಯಿತು. ಕನ್ನಡಕ ಹಾಕಿದ ಸಣಕಲು ಮೇಜರ್ ಮೊದಲು ಬಂದ, ಪ್ರಯಾಣದ ಧೂಳು ಇನ್ನೂ ಕೋಟಿನ ಮೇಲಿತ್ತು. ಅವನ ಹಿಂದೆ ಕ್ಯಾಪ್ಟನ್ ದುಂಬ್ರಾವಾ. ಕೊನೆಗೆ ಇಬ್ಬರು ಪೇದೆಗಳ ನಡುವೆ, ಕೈಕೋಳದಲ್ಲಿ, ಅವ್ರಾಮ್.

“ಇವರೇನಾ ಸಾಕ್ಷಿ?” ಮೇಜರ್ ಪೆನ್ನಿನ ಮುಚ್ಚಳ ತೆಗೆದ. “ಬೇಗ ಹೇಳಮ್ಮ. ಏನು ಗೊತ್ತು ನಿನಗೆ?”

ಪರಾಸ್ಕಿವಾ ಎದ್ದು ನಿಂತಳು. ಏಪ್ರನ್ನಿಗೆ ಕೈ ಒರೆಸಿಕೊಂಡಳು. ದಾರವನ್ನು ಎತ್ತಿ ತೋರಿಸಿದಳು.

“ಇದನ್ನ ಆ ಬಂದೂಕಿನ ಹಿಡಿಯೊಳಗೆ ಇಟ್ಟವಳು ನಾನು. ಮಾರ್ಚಲ್ಲಿ. ಶಿಕ್ಷೆ ಏನು ಅಂತ ಗೊತ್ತು, ಆದರೂ ಹೇಳ್ತಿದ್ದೀನಿ.”

ಕ್ಯಾಪ್ಟನ್‌ನ ಸಿಗರೇಟು ತುಟಿಯ ಮೇಲೆ ಅಲುಗದೆ ನಿಂತಿತು. ಮೇಜರ್ ಕನ್ನಡಕದ ಮೇಲಿಂದ ನೋಡಿದ.

“ಮಾರ್ಚಲ್ಲಿ? ಈ ನಂಬರ್ ಹೋದ ವರ್ಷದ್ದು. ಮಾರ್ಚಲ್ಲಿ ಅದನ್ನ ನಿನ್ನ ಹತ್ರ ಯಾರು ತಂದ್ರು?”

ಅವಳು ಅವ್ರಾಮ್‌ನನ್ನು ನೋಡಿದಳು. ಅವ್ರಾಮ್ ಅವಳ ಕೈಯಲ್ಲಿದ್ದ ದಾರವನ್ನು ನೋಡಿದ. ಅದರಿಂದ ತೂಗಿದ ಕಪ್ಪು ಎಳೆಯನ್ನು ನೋಡಿದ. ಮಗುವಿನ ಹಾಗೆ, ಒಂದೇ ಸಲ, ಸಣ್ಣಗೆ ತಲೆಯಾಡಿಸಿದ: ಬೇಡ.

ಅದನ್ನು ಮೊಗಾ ನೋಡಿದ. ಬೇರೆ ಯಾರೂ ನೋಡಲಿಲ್ಲ.

“ಹೇಳಮ್ಮ. ಯಾರು?”

ಪರಾಸ್ಕಿವಾ ತಿರುಗಿದಳು. ಎಣ್ಣೆ ಹತ್ತಿದ ಬೆರಳನ್ನು ಎತ್ತಿ, ಧ್ವನಿ ಒಂದಿಷ್ಟೂ ಅಲುಗದಂತೆ ಹೇಳಿದಳು:

“ಇವರು. ಕ್ಯಾಪ್ಟನ್ ಸಾಹೇಬ್ರು. ಹಬ್ಬದ ದಿನ, ಕೈಯಾರೆ ತಂದು ಕೊಟ್ರು.”

ಕ್ಯಾಪ್ಟನ್ ಕೋಪದಿಂದ ಕೂಗುತ್ತಾನೆ ಎಂದು ಮೊಗಾ ಕಾದ. ಕ್ಯಾಪ್ಟನ್ ಕೂಗಲಿಲ್ಲ. ಅವನ ಬಲಗೈ ನಿಧಾನವಾಗಿ ಸೊಂಟಕ್ಕೆ ಇಳಿದು, ಬೀಗದ ಕೈಗಳ ಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಮುಚ್ಚಿಕೊಂಡಿತು.

ಮೇಜರ್ ಬರೆಯುವುದನ್ನು ನಿಲ್ಲಿಸಿ ಮೊಗಾನತ್ತ ತಿರುಗಿದ.

“ಹವಾಲ್ದಾರ್, ಈ ಮಾತಿಗೆ ಇಬ್ಬರ ತಲೆ ಹೋಗಬಹುದು. ನಾನು ಬರೋ ಮೊದಲು ಇವಳ ಹೇಳಿಕೆ ತಗೊಂಡವರು ನೀವು. ಪ್ರಮಾಣ ಮಾಡಿ ಹೇಳಿ. ನಿಮಗೂ ಇವಳು ಇದೇ ಹೆಸರು ಹೇಳಿದ್ದಾ?”